ಗುಂಯ್‌ಗುಟ್ಟುವ ಗಿಟಾರು

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಯಲ್ಲೊಂದು ಜಗಳ ಶುರುವಾಗುತ್ತಿತ್ತು. ನಾನು ಹಜಾರದ ಟ್ಯೂಬ್‌ಲೈಟ್ ಹಾಕಿದೊಡನೆ ಕೋಣೆಯಲ್ಲಿ ಮಗನ ಎಲೆಕ್ಟ್ರಿಕ್ ಗಿಟಾರು 'ಗುಂಯ್' ಎಂದು ಹಟ ಹಿಡಿಯುತ್ತಿತ್ತು. "ಅಮ್ಮಾ, ಲೈಟ್ ಆರಿಸು" ಎಂದು ಅವನು. "ಕತ್ತಲಲ್ಲಿ ಅಕ್ಕಿ ಹೇಗೋ ಆರಿಸಲಿ?" ಎಂದು ನಾನು. ಇವರು ಪೇಪರಿನ ಮರೆಯಿಂದಲೇ "ಅದನ್ನ ಗುಜರಿಗೆ ಹಾಕಿ, ಇಬ್ಬರಿಗೂ ನೆಮ್ಮದಿ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು.

ಗಿಟಾರು ಹೊಸದೇನಲ್ಲ. ಹಾಸ್ಟೆಲ್ ಬಿಟ್ಟುಹೋಗುವ ಹುಡುಗನೊಬ್ಬನಿಂದ ಅರ್ಧ ಬೆಲೆಗೆ ಕೊಂಡದ್ದು. ಹೊಸದು ಬೇಕೆಂದು ಅಪ್ಪನ ಮುಂದೆ ಬಾಯಿ ಬಿಡುವ ಧೈರ್ಯ ಮಗನಿಗಿಲ್ಲ. "ಪಿಕಪ್ ಒಂದು ಬದಲಾಯಿಸಿದರೆ ಸಾಕಮ್ಮ, ಇದರ ಧ್ವನಿಯೇ ಬೇರೆಯಾಗುತ್ತೆ" ಎನ್ನುತ್ತಿದ್ದ. ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಕೂಡಿಟ್ಟ ಹಣದಲ್ಲಿ ಅದನ್ನು ತರಿಸಿಯೂ ಬಿಟ್ಟ. ಆದರೆ ನಮ್ಮ ತುಮಕೂರಿನಲ್ಲಿ ಅವನು ವಿಚಾರಿಸಿದ ಅಂಗಡಿಯವರು ಅದನ್ನು ಕೂರಿಸಿಕೊಡಲು ಒಪ್ಪಲಿಲ್ಲ. ಒಂದು ಭಾನುವಾರ ತಾನೇ ಬಿಚ್ಚಿಕೊಂಡು ಕೂತ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಪಿಕಪ್ಪಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಳಚಿ, ಒಳಗಿನ ತಾಮ್ರದ ತಂತಿಯ ಕೆಂಪು ಹೊಳಪು ಕಣ್ಣಿಗೆ ಬಿತ್ತು. "ಉಗುರು ತಾಗಿಸಬೇಡ! ಕಡಿದುಹೋಗುತ್ತೆ" ಎಂದು ಕೂಗಿಬಿಟ್ಟೆ. ಅವನು ತಲೆಯೆತ್ತಿ, "ನಿಂಗೆ ಹೇಗೆ ಗೊತ್ತು?" ಎಂದ.

ಹೇಗೆ ಗೊತ್ತು? ಮದುವೆಗೆ ಮುಂಚೆ ಎರಡು ವರ್ಷ ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಕಾಯಿಲ್ ಸುತ್ತುತ್ತಿದ್ದೆ. ಸಾಲಾಗಿ ಕೂತ ಇಪ್ಪತ್ತು ಹುಡುಗಿಯರು. ಕೂದಲಿನಂಥ ತಂತಿ. ಬೆರಳ ನಡುವೆ ಬಿಗಿ ಹಿಡಿದರೆ ತುಂಡು, ಸಡಿಲ ಬಿಟ್ಟರೆ ಸಿಕ್ಕು. ಹದ ಯಾರೂ ಹೇಳಿಕೊಡುವಂಥದ್ದಲ್ಲ. ಹೋಳಿಗೆಯ ಕಣಕದ ಹಾಗೆ, ಬೆರಳಿಗೇ ತಿಳಿಯಬೇಕು. ಸುತ್ತಿದ್ದಾದ ಮೇಲೆ ಪ್ರತಿ ಕಾಯಿಲ್ಲಿಗೂ ನಮ್ಮ ನಮ್ಮ ನಂಬರಿನ ಚೀಟಿ ಅಂಟಿಸಬೇಕಿತ್ತು. ನನ್ನದು ಹದಿನೇಳು. ಕೆಟ್ಟ ಮಾಲು ವಾಪಸು ಬಂದರೆ ಯಾರದೆಂದು ಹಿಡಿಯುವುದಕ್ಕೆ ಆ ನಂಬರು. ಒಳ್ಳೆಯದು ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ಮದುವೆಯ ಮಾತುಕತೆಯಲ್ಲಿ "ನಮ್ಮ ಮನೆ ಹೆಣ್ಣುಮಕ್ಕಳು ಫ್ಯಾಕ್ಟರಿಗೆ ಹೋಗೋದಿಲ್ಲ" ಎಂಬ ಒಂದು ಮಾತು ಬಂತು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಎರಡು ವರ್ಷಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಗನ ಪಕ್ಕ ಕೂತೆ. ವೀಣೆಗೆ ಹಲಸಿನ ಮರದ ಕೊಡವಿದೆ; ಈ ಗಿಟಾರಿಗೆ ಅಂಥ ಹೊಟ್ಟೆಯಿಲ್ಲ, ಬರೀ ಗಟ್ಟಿ ಹಲಗೆ. ಕೇಳಿಸಿಕೊಳ್ಳುವ ಕೆಲಸವೆಲ್ಲ ತಂತಿಗಳ ಕೆಳಗಿರುವ ಪಿಕಪ್ಪಿನದು. ಒಳಗೆ ಅಯಸ್ಕಾಂತ, ಅದರ ಸುತ್ತ ಏಳೆಂಟು ಸಾವಿರ ಸುತ್ತು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಆಂಪ್ಲಿಫೈಯರು ಆ ಒಂದಿಷ್ಟನ್ನು ದೊಡ್ಡದು ಮಾಡುತ್ತದೆ. ಆದರೆ ಸುರುಳಿಗೆ ತನ್ನ ತಂತಿಯ ಮಾತು ಯಾವುದು, ಟ್ಯೂಬ್‌ಲೈಟಿನ ಚೋಕಿನ ಚಾಡಿ ಯಾವುದು ಎಂಬ ವಿವೇಕವಿಲ್ಲ. ಎರಡನ್ನೂ ಕೇಳಿಸಿಕೊಂಡು ಎರಡನ್ನೂ ಹೇಳುತ್ತದೆ.

ಇದಕ್ಕೆ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಒಂದು ಉಪಾಯ ಮಾಡಿದರು. ಒಂದರ ಬದಲು ಎರಡು ಸುರುಳಿ. ಅಯಸ್ಕಾಂತದ ದಿಕ್ಕು ಒಂದಕ್ಕೊಂದು ತಿರುವುಮುರುವು. ಸುರುಳಿಗಳ ಜೋಡಣೆಯೂ ತಿರುವುಮುರುವು. ಹೊರಗಿನ ಗುಂಯ್ ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿದು, ಎರಡೂ ಹೊಡೆದಾಡಿ ಹೋಗುತ್ತವೆ. ಸ್ವರ ಮಾತ್ರ ಎರಡರಲ್ಲೂ ಕೂಡಿಕೊಂಡು ತುಂಬಿ ಬರುತ್ತದೆ. ಅದಕ್ಕೆ ಹಂಬಕರ್ ಎಂದು ಹೆಸರು. ಮಗ ತರಿಸಿದ್ದು ಅದನ್ನೇ, ಹಳೆಯದರ ಜಾಗದಲ್ಲೇ ಹಿಡಿಸುವ ಸಣ್ಣ ಅಳತೆಯದು.

ಸೋಲ್ಡರಿಂಗ್ ಕಡ್ಡಿ ಹಿಡಿದಾಗ ಕೈ ಮೊದಲು ನಡುಗಿತು. ಹಳೆಯ ತಂತಿಗಳು ಎಲ್ಲಿದ್ದವೆಂದು ಮಗನ ಕೈಲಿ ಕಾಗದದ ಮೇಲೆ ಬರೆಸಿದೆ. ಬಿಚ್ಚುವುದು ಸುಲಭ, ನೆನಪಿಡುವುದೇ ಕಷ್ಟ. ನೆಲತಂತಿಯನ್ನು ವಾಲ್ಯೂಮ್ ಗುಂಡಿಯ ಬೆನ್ನಿಗೆ ಬೆಸೆಯಬೇಕು. ಆ ಲೋಹ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಸೀಸ ಉಂಡೆಕಟ್ಟಿ ಉರುಳುತ್ತದೆ. ಮರಳುಕಾಗದದಿಂದ ಚೆನ್ನಾಗಿ ಉಜ್ಜಿ, ಮೊದಲು ಲೋಹವನ್ನು ಕಾಯಿಸಿ, ಆಮೇಲೆ ಸೀಸ ಮುಟ್ಟಿಸಿದೆ. ತುಪ್ಪದಂತೆ ಹರಡಿಕೊಂಡಿತು. ಕಾದ ರಾಳದ ಹೊಗೆ ಮೂಗಿಗೆ ಬಂದಾಗ ಪೀಣ್ಯದ ಆ ಕಿಟಕಿ, ಪಕ್ಕದ ಹುಡುಗಿಯ ಮಲ್ಲಿಗೆ, ಎಲ್ಲ ಒಟ್ಟಿಗೆ ಬಂದವು.

ಹೊಸ ಪಿಕಪ್ ಒಂದೇ ಹಾಡಿದಾಗ ಧ್ವನಿ ತುಂಬಿ ಬಂತು. ಅದರ ಜತೆ ನಡುವಿನದನ್ನೂ ಸೇರಿಸಿದರೆ ನೆಗಡಿಯಾದವರ ಹಾಗೆ ಸೊರಗಿತು. ಮಗನ ಮುಖ ಬಾಡಿತು. "ಎರಡೂ ಒಂದಕ್ಕೊಂದು ಎದುರು ನಿಂತಿವೆ ಕಣೋ, ಒಂದರ ತಂತಿ ಅದಲುಬದಲು ಮಾಡೋಣ" ಎಂದೆ. ಹೊಸದರ ಎರಡು ತಂತಿಗಳ ಜಾಗ ಬದಲಿಸಿದೆ, ಹೊರಗವಚದ ತಂತಿಯನ್ನು ನೆಲಕ್ಕೇ ಉಳಿಸಿದೆ. ಸರಿಯಾಯಿತು. ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ. ಅದಕ್ಕೆ ಸ್ಕ್ರೂ ತಿರುಗಿಸಿ ಒಂದಿಷ್ಟು ಇಳಿಸಿದೆವು.

ಆ ರಾತ್ರಿ ಮಗ ಅಬಿಗೇಲ್ ಇಬಾರಾ ಎಂಬಾಕೆಯ ವಿಷಯ ಓದಿ ಹೇಳಿದ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ರೇಡಿಯೋ ರಿಪೇರಿಯವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲವಂತೆ. ಅವರ ಕ್ಯಾಲಿಫೋರ್ನಿಯಾದ ಕಾರ್ಖಾನೆಗೆ ಅಬಿಗೇಲ್ 1956ರಲ್ಲಿ ಸೇರಿದರು, 2013ರಲ್ಲಿ ನಿವೃತ್ತರಾದರು. ಸುತ್ತಿದ್ದು ಇಂಥದೇ ತಂತಿ. ವರ್ಷಗಳು ಕಳೆದಂತೆ ಆಕೆಯ ಕೈಯ ಪಿಕಪ್ಪುಗಳನ್ನು ಗಿಟಾರಿನವರು ಹುಡುಕಿಕೊಂಡು ಬರತೊಡಗಿದರು. ಪಿಕಪ್ಪಿನ ಅಡಿಯಲ್ಲಿ ಆಕೆಯ ಹೆಸರಿರುತ್ತಿತ್ತು.

ನಾನು ಕೇಳುತ್ತಾ ಕೂತೆ. ಆಕೆಯದು ಐವತ್ತಕ್ಕೂ ಮೇಲ್ಪಟ್ಟು ವರ್ಷ, ನನ್ನದು ಎರಡು. ಹೋಲಿಸಿಕೊಳ್ಳುವುದು ತಪ್ಪು. ಆದರೂ ಬಿಡದೆ ಕೂತಿದ್ದರೆ ನನ್ನ ಬೆರಳಿಗೂ ಏನಾದರೂ ಒಲಿಯುತ್ತಿತ್ತೇನೋ ಎನ್ನಿಸಿದ್ದು ಸುಳ್ಳಲ್ಲ. ಆವತ್ತು ಆ ಒಂದು ಮಾತಿಗೆ ನಾನು ಯಾಕೆ ಒಂದು ಮಾತನ್ನೂ ಆಡಲಿಲ್ಲ?

ಮರುದಿನ ಗಿಟಾರಿನ ಮುಚ್ಚಳ ಹಾಕುವ ಮುಂಚೆ ಮಗ ಒಳಗೊಂದು ಕಾಗದದ ಟೇಪು ಅಂಟಿಸಿ, ಪೆನ್ನು ನನ್ನ ಕೈಗಿಟ್ಟ. ರೂಢಿಯಂತೆ ಹದಿನೇಳು ಎಂದು ಬರೆಯಹೋದವಳು ತಡೆದು, ನನ್ನ ಹೆಸರು ಬರೆದೆ. ಇವರು ಪೇಪರು ಮಡಿಸಿ ಬಂದು ನೋಡಿದರು. "ಕಾಯಿಲ್ ಕೆಲಸ ಅಂದಿದ್ದರು. ಇಷ್ಟು ಸೂಕ್ಷ್ಮದ್ದು ಅಂತ ನಂಗೆ ಗೊತ್ತಿರಲಿಲ್ಲ" ಎಂದರು. "ನೀವು ಕೇಳಲಿಲ್ಲ" ಎಂದೆ. ಅವರು ಏನೂ ಹೇಳಲಿಲ್ಲ.

ಈಗ ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಜಗಳವಿಲ್ಲ ಎಂದರೆ ಅರ್ಧ ಸುಳ್ಳಾದೀತು. ಹೊಸ ಪಿಕಪ್ ಸುಮ್ಮನಿದೆ. ಉಳಿದ ಹಳೆಯ ಎರಡು ಒಂಟಿಯಾಗಿ ಹಾಡಿದಾಗ ಇನ್ನೂ ಗುಂಯ್‌ಗುಟ್ಟುತ್ತವೆ. ಮಗ ಮತ್ತೆ ಹಣ ಕೂಡಿಡುತ್ತಿದ್ದಾನೆ. ಸೋಲ್ಡರಿಂಗ್ ಕಡ್ಡಿಯನ್ನು ನಾನು ಅಟ್ಟಕ್ಕೆ ಹಾಕಿಲ್ಲ, ಹೊಲಿಗೆ ಡಬ್ಬಿಯಲ್ಲೇ ಇಟ್ಟಿದ್ದೇನೆ.