ತುಂಗನಾಥದ ದಾರಿಯಲ್ಲಿ ಒಂದು ಒಲೆ

ಪಂಚಕೇದಾರಗಳಲ್ಲಿ ಅತ್ಯುನ್ನತವಾದ ತುಂಗನಾಥವು ಸುಮಾರು 3,680 ಮೀಟರು ಎತ್ತರದಲ್ಲಿರುವುದು. ಅಲ್ಲಿಗೆ ನಡೆದು ಹತ್ತುವವರು ಚೋಪ್ತಾದಿಂದ ಹೊರಡುವರು. ಚೋಪ್ತಾದಲ್ಲಿಯೇ ನೀರು ಸುಮಾರು 91 ಡಿಗ್ರಿಗೆ ಕುದಿದುಬಿಡುವುದರಿಂದ ಅನ್ನ ಬೇಯುವುದು ತಡ. ಒಲೆಯೂ ಕೈಕೊಟ್ಟರೆ ಉಪವಾಸವೇ ಗತಿ.

ನಮ್ಮದು ಹಳೆಯ ಪಂಪಿನ ಸ್ಟೌ. ಎಷ್ಟು ಗಾಳಿ ಹೊಡೆದರೂ ಜ್ವಾಲೆ ಕುಗ್ಗುತ್ತಿದ್ದಿತು. ಮುಚ್ಚಳದ ಸುತ್ತ ಸೀಮೆಎಣ್ಣೆ ಜಿನುಗುತ್ತಿದ್ದಿತು. ಉರಿಯ ಪಕ್ಕದಲ್ಲಿ ಇದು ಪ್ರಾಣಾಂತಿಕ. ಜೊತೆಗಿದ್ದ ನನ್ನ ಹಳೆಯ ಶಿಷ್ಯನು ಒಲೆಯನ್ನು ಆರಿಸಿ, ತಣ್ಣಗಾದ ಮೇಲೆ ಗಾಳಿ ಬಿಟ್ಟು ಮುಚ್ಚಳ ಬಿಚ್ಚಿದನು. ವಾಷರು ಕಲ್ಲಿನಂತಾಗಿ ಬಿರಿದಿದ್ದಿತು. ಚಪ್ಪಲಿಯ ಪಟ್ಟಿಯಿಂದ ತೊಗಲಿನ ಬಿಲ್ಲೆಯೊಂದನ್ನು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿದನು.

“ಯಾತ್ರೆಯ ಅಡಿಗೆಗೆ ಚಪ್ಪಲಿಯೇನಪ್ಪ?” ಎಂದೆನು.

“ಪಂಪಿನೊಳಗಿರುವುದೂ ತೊಗಲೇ, ಮೇಷ್ಟ್ರೇ.”

ಗಾಳಿ ತುಂಬಿ ಸಾಬೂನಿನ ನೀರು ಸವರಿದೆವು, ಗುಳ್ಳೆ ಏಳಲಿಲ್ಲ. ಚೌಖಂಬಾ ಶಿಖರದ ಸಂಜೆಗೆಂಪು ಮಾಸುವುದರೊಳಗೆ ಅನ್ನವಾಯಿತು.