ಒಂದೆಕರೆಯ ಸ್ವಾತಂತ್ರ್ಯ

ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಕೊಲ್ಲಿಯ ಅಂಚನ್ನು ಹಿಡಿದು ದಕ್ಷಿಣಾಭಿಮುಖವಾಗಿ ಸುಮಾರು 30 ಮೈಲಿ ಸಾಗಿದರೆ ಈಸ್ಟ್ ಪಾಲೊ ಆಲ್ಟೊ ಎಂಬ ಸಣ್ಣ ಊರು ಸಿಗುತ್ತದೆ. ಒಂದು ಮಗ್ಗುಲಿಗೆ ಜೊಂಡು ಬೆಳೆದ ಜೌಗುನೆಲ, ಅದರಾಚೆ ಕೊಲ್ಲಿಯ ಬೂದುಬಣ್ಣದ ನೀರು. ಇನ್ನೊಂದು ಮಗ್ಗುಲಿಗೆ ಹಗಲಿರುಳೂ ಭೋರ್ಗರೆಯುವ 101ನೆಯ ಹೆದ್ದಾರಿ; ಅದನ್ನು ದಾಟಿದೊಡನೆ ಪಾಲೊ ಆಲ್ಟೊ ನಗರದ ಸಿರಿವಂತ ಬೀದಿಗಳು, ಅವುಗಳಾಚೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಗಣಕಯಂತ್ರೋದ್ಯಮದ ತವರಾದ ಈ ಕಣಿವೆಯಲ್ಲಿ ಕನ್ನಡಿಗರ ಸಂಸಾರಗಳೂ ಬಹಳ ಉಂಟು. ಕೊಲ್ಲಿಯ ಸೇತುವೆಯತ್ತ ಧಾವಿಸುವ ಅವರ ಕಾರುಗಳು ದಿನವೂ ಈ ಊರಿನ ಮೂಲಕ ಹಾದುಹೋಗುತ್ತವೆ. ಆದರೆ ಪಕ್ಕದ ಬೀದಿಗಳ ಹೆಸರನ್ನು ಓದುವಷ್ಟು ಬಿಡುವು ಯಾರಿಗಿದೆ? ಓದಿದ್ದಾದರೆ, ಒಂದು ಫಲಕದ ಮೇಲೆ 'ವೀಕ್ಸ್ ಬೀದಿ' ಎಂದೂ ಇನ್ನೊಂದರ ಮೇಲೆ 'ರನ್ನಿಮೀಡ್ ಬೀದಿ' ಎಂದೂ ಕಂಡೀತು. ಒಂದು ಕಾಲಕ್ಕೆ ಇಲ್ಲಿ ಎದ್ದು ಮುಳುಗಿದ ಕೋಳಿಸಾಕಣೆಯ ಸಾಮ್ರಾಜ್ಯವೊಂದರ ಗುರುತುಗಳಿವು.

ಚಾರ್ಲ್ಸ್ ವೀಕ್ಸ್ ಇಂಡಿಯಾನಾ ಪ್ರಾಂತದ ಒಕ್ಕಲು ಮನೆತನದವನು. 1904ರಲ್ಲಿ ಆತನು ಪಶ್ಚಿಮ ಕರಾವಳಿಗೆ ಬಂದು, ಕೆಲವು ಎಕರೆ ಭೂಮಿ ಹಿಡಿದು ಕೋಳಿ ಸಾಕತೊಡಗಿದನು. ಕ್ಯಾಲಿಫೋರ್ನಿಯಾದಲ್ಲಿ ಆ ಹೊತ್ತಿಗಾಗಲೇ ಮೊಟ್ಟೆಯ ಉದ್ಯಮ ಬೇರೂರಿತ್ತು. ಉತ್ತರದ ಪೆಟಲೂಮಾ ಪಟ್ಟಣದಲ್ಲಿ 1879ರಲ್ಲಿ ಲೈಮನ್ ಬೈಸ್ ಎಂಬಾತನು ಶಾಖದಿಂದ ಮರಿಮಾಡಿಸುವ ಪೆಟ್ಟಿಗೆಯೊಂದನ್ನು ಸಿದ್ಧಪಡಿಸಿದ ಮೇಲೆ, ಕಾವು ಕೂರುವ ಹೇಂಟೆಯ ಹಂಗು ತಪ್ಪಿ, ಆ ಪಟ್ಟಣವು 'ಜಗತ್ತಿನ ಮೊಟ್ಟೆಬುಟ್ಟಿ' ಎಂದೇ ಹೆಸರಾಯಿತು. ಅಲ್ಲಿನ ಪದ್ಧತಿಯಲ್ಲಿ ಗುಡ್ಡ ಬಯಲುಗಳ ಮೇಲೆ ಸಣ್ಣ ಗೂಡುಗಳನ್ನು ಚೆಲ್ಲಿದಂತೆ ಇಟ್ಟು ಕೋಳಿಗಳನ್ನು ಮೇಯಲು ಬಿಡುತ್ತಿದ್ದರು. ಅದಕ್ಕೆ ವಿಸ್ತಾರವಾದ ಜಮೀನು ಬೇಕು, ನಡೆದಾಡುವ ಕಾಲೂ ಬೇಕು.

ವೀಕ್ಸನ ಯೋಚನೆ ಇದಕ್ಕೆ ತಿರುವುಮುರುವಾಗಿತ್ತು. ಕೋಳಿಯು ಮೇವಿನ ಬಳಿಗೆ ಏಕೆ ಹೋಗಬೇಕು? ಮೇವೇ ಕೋಳಿಯ ಬಳಿಗೆ ಬರಲಿ! ಉದ್ದನೆಯ ಮನೆಯನ್ನು ಕಟ್ಟಿ, ಅಡ್ಡಗೋಡೆಗಳಿಂದ ಅಂಕಣಗಳಾಗಿ ವಿಂಗಡಿಸಿ, ಒಂದೊಂದು ಅಂಕಣದಲ್ಲಿ ಬಿಳಿಯ ಲೆಗ್‌ಹಾರ್ನ್ ಹೇಂಟೆಗಳ ಸಣ್ಣ ಗುಂಪನ್ನು ಕೂಡಿದನು. ಮನೆಯ ಮಗ್ಗುಲಲ್ಲೇ ಸೊಪ್ಪಿನ ತೋಟ. ದಿನವೂ ಸೊಪ್ಪನ್ನು ಕೊಯ್ದು ಕತ್ತರಿಸಿ ಹಕ್ಕಿಗಳ ಮುಂದೆ ಸುರಿಯುವುದು. ಹಿಕ್ಕೆಯನ್ನು ಬಾಚಿ ಅದೇ ತೋಟಕ್ಕೆ ಗೊಬ್ಬರವಾಗಿ ಹಾಕುವುದು. ಹಕ್ಕಿಯಿಂದ ನೆಲಕ್ಕೆ, ನೆಲದಿಂದ ಹಕ್ಕಿಗೆ ಹೀಗೆ ತಿರುಗುವ ಚಕ್ರಕ್ಕೆ ಒಂದೇ ಎಕರೆ, ಎಂದರೆ ನಮ್ಮ ಲೆಕ್ಕದ 40 ಗುಂಟೆ, ಸಾಕೆಂದು ಆತನು ಸಾರಿದನು.

ಹೊಲದಲ್ಲಿ ಕಂಡುಕೊಂಡ ಈ ಉಪಾಯವನ್ನು ಮಾರುಕಟ್ಟೆಗೆ ತಂದಾಗಲೇ ರೈತನು ಉದ್ಯಮಿಯಾದುದು. 1916ರಲ್ಲಿ ವೀಕ್ಸ್ ಕೊಲ್ಲಿಯ ದಡದ ಬಯಲನ್ನು ಒಂದೊಂದು ಎಕರೆಯ ತುಂಡುಗಳಾಗಿ ವಿಂಗಡಿಸಿ ಮಾರಲು ತೊಡಗಿದನು. 1215ರಲ್ಲಿ ಇಂಗ್ಲೆಂಡಿನ ದೊರೆಯು ಪ್ರಜೆಗಳ ಹಕ್ಕುಪತ್ರವಾದ ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಗೆಯ ಮುದ್ರೆಯೊತ್ತಿದ ಹುಲ್ಲುಗಾವಲಿನ ಹೆಸರನ್ನೇ ಆ ನೆಲೆಗೂ ಇರಿಸಿದನು: ರನ್ನಿಮೀಡ್. 'ಒಂದೆಕರೆ ಮತ್ತು ಸ್ವಾತಂತ್ರ್ಯ' ಎಂಬುದೇ ಆತನ ಘೋಷಣೆ. ತನ್ನ ಪದ್ಧತಿಯನ್ನು ವಿವರಿಸಿ 'ಕ್ಯಾಲಿಫೋರ್ನಿಯಾದಲ್ಲಿ ಮೊಟ್ಟೆಯ ಕೃಷಿ' ಎಂಬ ಅರ್ಥದ ಹೊತ್ತಗೆಯನ್ನೂ ಬರೆದನು. ಪಟ್ಟಣದ ಚಾಕರಿಯಿಂದ ಬೇಸತ್ತವರು ಕೂಡಿಟ್ಟ ಗಂಟನ್ನು ಬಿಚ್ಚಿ ಎಕರೆಯನ್ನು ಕೊಂಡರು. ಧಣಿಯಿಲ್ಲ, ಗಂಟೆಯ ಕರೆಯಿಲ್ಲ; ಕೈ ಕೆಸರಾದರೆ ಬಾಯಿ ಮೊಸರು. ಇದಕ್ಕಿಂತ ಬೇರೇನು ಬೇಕು?

1920ರ ದಶಕದ ಆದಿಯಲ್ಲಿ ವೀಕ್ಸನ ದೃಷ್ಟಿ ದಕ್ಷಿಣಕ್ಕೆ ಹೊರಳಿತು. 1913ರಲ್ಲಿ ಓವೆನ್ಸ್ ನದಿಯ ನೀರನ್ನು ಕಾಲುವೆಯ ಮೂಲಕ ಬಹುದೂರದಿಂದ ಲಾಸ್ ಏಂಜಲೀಸಿಗೆ ಹರಿಸಿದ್ದರಿಂದ, ಆ ನಗರಕ್ಕೆ ಹತ್ತಿದ ಸ್ಯಾನ್ ಫರ್ನಾಂಡೊ ಕಣಿವೆಯ ಒಣನೆಲಕ್ಕೆ ಜೀವ ಬಂದಿತ್ತು. ಅಲ್ಲಿಯೂ ಅದೇ ಬಗೆಯ ಎಕರೆಗಳು, ಅದೇ ಬಗೆಯ ಕೋಳಿಮನೆಗಳು, ಅದೇ ಘೋಷಣೆ. ಆ ನೆಲೆಯೇ ಇಂದಿನ ವಿನೆಟ್ಕಾ.

ಆದರೆ ವೀಕ್ಸನ ಚಕ್ರದಲ್ಲಿ ಒಂದು ಕಡೆ ಬಿರುಕಿತ್ತು. ಎಕರೆಯು ಸೊಪ್ಪನ್ನು ಕೊಡಬಲ್ಲುದು, ಕಾಳನ್ನು ಕೊಡಲಾರದು. ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಸುಮಾರು ಕಾಲು ಪೌಂಡು ಆಹಾರ ಬೇಕು. ಸಾವಿರ ಹೇಂಟೆಗಳಿಗೆ 250 ಪೌಂಡು! ಆ ಕಾಲದ ಒಂದೆಕರೆಯ ಗೋಧಿಯ ಫಸಲನ್ನು ಪೂರ್ತಿ ಸುರಿದರೂ ಅದು ಒಂದು ವಾರಕ್ಕೆ ಮೇಲೆ ಬಾರದು. ಹಾಗಾಗಿ ಕಾಳನ್ನು ಅಂಗಡಿಯಿಂದಲೇ ತರಬೇಕು, ಮೊಟ್ಟೆಯನ್ನು ಪೇಟೆಗೇ ಕಳುಹಬೇಕು. ಕಾಳಿನ ಧಾರಣೆಯೂ ಮೊಟ್ಟೆಯ ಧಾರಣೆಯೂ ರೈತನ ಕೈಯಲ್ಲಿಲ್ಲ. ಇವೆರಡರ ನಡುವಿನ ಸಂದಿಯಲ್ಲಿ ಆತನ ಸ್ವಾತಂತ್ರ್ಯವು ಉಸಿರಾಡಬೇಕಾಗಿತ್ತು. ಧಾರಣೆ ಚೆನ್ನಾಗಿದ್ದಾಗ ಆ ಸಂದಿ ಅಗಲವಾಗಿಯೇ ಇತ್ತು. ಅನೇಕ ಮನೆಗಳಲ್ಲಿ ನಗುವೂ ಇತ್ತು. 1929ರಲ್ಲಿ ಆರ್ಥಿಕ ಕುಸಿತ ಬಂದಿತು. ಮೊಟ್ಟೆಯ ಬೆಲೆ ಕುಸಿಯಿತು, ಸಾಲದ ಕಂತು ಮಾತ್ರ ಹಾಗೆಯೇ ಉಳಿಯಿತು. ವಿನೆಟ್ಕಾದ ಕೋಳಿಮನೆಗಳು ಒಂದೊಂದಾಗಿ ಬರಿದಾದವು. ವೀಕ್ಸ್ ಕ್ಯಾಲಿಫೋರ್ನಿಯಾವನ್ನು ಬಿಟ್ಟು ಫ್ಲಾರಿಡಾಕ್ಕೆ ಹೊರಟುಹೋದನು.

ಹಾಗೆಂದು ಆತನನ್ನು ವಂಚಕನೆನ್ನುವುದು ನ್ಯಾಯವಲ್ಲ. ತಾನೇ ಗೇಯ್ದು, ತಾನೇ ಲಾಭ ಕಂಡು, ಆ ಬಳಿಕ ಇತರರಿಗೆ ಹೇಳಿದವನು ಆತನು. ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ನೆಲವನ್ನು ಮಾರಿದವನ ಗಳಿಕೆಯು ಮಾರಿದ ದಿನವೇ ಕೈಸೇರುತ್ತದೆ. ಕೊಂಡವನ ಗಳಿಕೆಯು ನಾಳೆ ಹೇಂಟೆಯಿಡಬೇಕಾದ ಮೊಟ್ಟೆಯಲ್ಲಿರುತ್ತದೆ.

ರನ್ನಿಮೀಡಿನ ನೆಲವು ಆ ಬಳಿಕ ಹಲವರ ಕನಸನ್ನು ಹೊತ್ತಿತು. ಜಪಾನೀ ಮೂಲದ ಬೆಳೆಗಾರರು ಇಲ್ಲಿ ಸೇವಂತಿಗೆಯ ತೋಟಗಳನ್ನು ಮಾಡಿದರು. 1942ರಲ್ಲಿ ಯುದ್ಧದ ನೆಪದಿಂದ ಸರ್ಕಾರವು ಅವರನ್ನು ಶಿಬಿರಗಳಿಗೆ ಅಟ್ಟಿತು. 1950ರ ದಶಕದಲ್ಲಿ ಕಪ್ಪು ಜನರ ಕುಟುಂಬಗಳು ಮನೆ ಕೊಳ್ಳತೊಡಗಿದಾಗ, ಮನೆಯ ದಲ್ಲಾಳಿಗಳು ಬಿಳಿಯರಲ್ಲಿ ಭೀತಿಯನ್ನು ಬಿತ್ತಿ, ಅವರ ಮನೆಗಳನ್ನು ಅಗ್ಗಕ್ಕೆ ಮಾರಿಸಿ, ಕಪ್ಪು ಜನರಿಗೆ ದುಬಾರಿ ಬೆಲೆಗೆ ಕೊಟ್ಟರು. ಹೊಸ ಒಕ್ಕಲುಗಳೂ ತಮ್ಮ ಸ್ವಾತಂತ್ರ್ಯವನ್ನು ಈ ನೆಲದಲ್ಲೇ ಅರಸಿದವು. ಊರಿಗೆ 'ನೈರೋಬಿ' ಎಂದು ಹೆಸರಿಡಬೇಕೆಂಬ ಪ್ರಸ್ತಾಪವು 1968ರಲ್ಲಿ ಜನಮತದಲ್ಲಿ ಸೋತಿತು. ಆದರೆ 1983ರಲ್ಲಿ ಊರು ತನ್ನದೇ ಆದ ನಗರಾಡಳಿತವನ್ನು ಪಡೆಯಿತು.

ಇಂದು ಈ ಕಣಿವೆಯಲ್ಲಿ ಭೂಮಿಗೆ ಬಂಗಾರದ ಬೆಲೆ. ವೀಕ್ಸನ ಎಕರೆಗಳು ಒಡೆದು ಹೋಳಾಗಿವೆ. ಆದರೂ ಆತನ ಹೆಸರಿನ ಬಡಾವಣೆಯಲ್ಲಿ ಅಲ್ಲಲ್ಲಿ, ಬೀದಿಯಿಂದ ಒಳಕ್ಕೆ ಉದ್ದವಾಗಿ ಚಾಚಿದ ನಿವೇಶನಗಳು ಇನ್ನೂ ಉಂಟು. ಮುಂದೆ ಸಣ್ಣ ಮನೆ. ಹಿಂದೆ, ಮನೆಗೆ ಮೀರಿದ ಹಿತ್ತಿಲು. ಒಮ್ಮೆ ಅಲ್ಲಿ ಬೆಳಗಾಗುತ್ತಲೇ ಯಾರೋ ಸೊಪ್ಪಿನ ಬುಟ್ಟಿಯನ್ನು ಹೊತ್ತು ನಡೆಯುತ್ತಿದ್ದರು. ಮೊಟ್ಟೆಯನ್ನು ಎಣಿಸಿ, ಕಾಳಿನ ಚೀಟಿಯೊಡನೆ ತಾಳೆನೋಡಿ, ಈ ತಿಂಗಳು ತಾವು ಸ್ವತಂತ್ರರೇ ಅಲ್ಲವೇ ಎಂದು ಲೆಕ್ಕ ಹಾಕುತ್ತಿದ್ದರು.