ಹೊಸ್ತಿಲು ದಾಟಿದ ಮೇಲೆ

ಮನೆಯನ್ನು ಗುಡಿಸಿ ಕಸವನ್ನು ಹೊಸ್ತಿಲಾಚೆ ಹಾಕಿದರೆ ಮನೆ ಶುಚಿಯಾಯಿತೆಂಬುದು ನಮ್ಮೆಲ್ಲರ ನಂಬಿಕೆ. ಆ ಕಸ ಮುಂದೆ ಎಲ್ಲಿಗೆ ಹೋಯಿತು, ಯಾರ ಅಂಗಳದಲ್ಲಿ ಬಿದ್ದಿತು ಎಂದು ವಿಚಾರಿಸುವ ರೂಢಿ ನಮ್ಮಲ್ಲಿ ಕಡಿಮೆ. ನಮಗೂ ಇರಲಿಲ್ಲ. ಅದನ್ನು ಕಲಿಸಿದ್ದು ನಮ್ಮ ಮನೆಯ ಹಳೆಯ ಟೀವಿ.

1997ರಲ್ಲಿ ಕೊಂಡ ಬಣ್ಣದ ಟೀವಿ ಅದು. ತಂದ ದಿನ ಓಣಿಯ ಮಕ್ಕಳೆಲ್ಲ ನಡುಮನೆಯಲ್ಲಿ ನೆರೆದಿದ್ದರು. ಪ್ರತಿವರ್ಷ ಆಯುಧಪೂಜೆಯಂದು ಅವ್ವ ಅದರ ನೆತ್ತಿಗೆ ವಿಭೂತಿಯ ಮೂರು ಗೆರೆ ಎಳೆದು ಹೂವಿಡುತ್ತಿದ್ದರು. ಗೋಡೆಗೆ ತೂಗುಹಾಕುವ ತೆಳ್ಳನೆಯ ಟೀವಿ ಬಂದ ಮೇಲೆ ಅದು ಅಟ್ಟ ಸೇರಿತು. 2019ರ ಯುಗಾದಿಗೆ ಮನೆಗೆ ಸುಣ್ಣ ಬಳಿಸುವಾಗ ಅದನ್ನು ಕೆಳಗಿಳಿಸಿ, ಬೀದಿಯಲ್ಲಿ ಕೂಗುತ್ತ ಬಂದ ಗುಜರಿಯವನಿಗೆ ನೂರೈವತ್ತು ರೂಪಾಯಿಗೆ ಕೊಟ್ಟೆವು. ಅಟ್ಟ ಬರಿದಾಯಿತು, ಕೈಗೆ ಕಾಸೂ ಬಂದಿತು ಎಂದು ಹಿಗ್ಗಿದೆವು.

ತಿಂಗಳೊಳಗೆ, ತೋಟಕ್ಕೆ ಹಳೆಯ ಕಬ್ಬಿಣದ ಗೇಟೊಂದನ್ನು ಅರಸುತ್ತ ಊರಾಚೆಯ ಗುಜರಿ ಅಂಗಡಿಗೆ ಹೋಗುವ ಪ್ರಸಂಗ ಬಂದಿತು. ಅಲ್ಲಿ ಒಂದು ಮೂಲೆಯಲ್ಲಿ ನಮ್ಮ ಟೀವಿಯ ಪೆಟ್ಟಿಗೆ ಬೋರಲಾಗಿ ಬಿದ್ದಿತ್ತು. ಅವ್ವನ ವಿಭೂತಿಯ ಗೆರೆಗಳು ಇನ್ನೂ ಪೂರ್ತಿ ಮಾಸಿರಲಿಲ್ಲ. ಕೊರಳಿನ ತಾಮ್ರದ ಸುರುಳಿಗಾಗಿ ಪಿಕ್ಚರ್ ಟ್ಯೂಬನ್ನು ಒಡೆದಿದ್ದರು. ನೆಲದ ತುಂಬ ಗಾಜಿನ ಪುಡಿ. ಪಕ್ಕದಲ್ಲಿ ಎಂಟು ಹತ್ತು ವರ್ಷದ ಹುಡುಗನೊಬ್ಬ ಬರಿಗಾಲಿನಲ್ಲಿ ಕುಳಿತು ವೈರಿನ ಕಂತೆಗೆ ಬೆಂಕಿಯಿಟ್ಟು ಕಡ್ಡಿಯಿಂದ ಕೆದಕುತ್ತಿದ್ದ. ಕಪ್ಪು ಹೊಗೆ ಅವನ ಮುಖಕ್ಕೇ ಅಡರುತ್ತಿತ್ತು.

“ಅಲ್ಲಪ್ಪಾ, ಈ ಹೊಗೆ ಮಗುವಿಗೆ ಒಳ್ಳೆಯದೇ?” ಎಂದು ಕೇಳಿದೆವು.

“ಏನ್ಮಾಡೋದು ಯಜಮಾನ್ರೇ, ವೈರು ಸುಟ್ರೇನೇ ತಾಮ್ರಕ್ಕೆ ರೇಟು,” ಎಂದ ಅಂಗಡಿಯವನು. ಹುಡುಗ ಅವನ ಮಗನೇ.

ಗೇಟನ್ನು ಕೊಳ್ಳದೆ ಹಿಂದಿರುಗಿದೆವು. ಆಮೇಲೆ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆವು. ಹಳೆಯ ಟೀವಿಯ ಟ್ಯೂಬಿನ ಗಾಜಿಗೆ ಸೀಸವನ್ನು ಬೆರೆಸಿರುತ್ತಾರೆ. ಒಳಗೆ ಹುಟ್ಟುವ ಕ್ಷ-ಕಿರಣ ನೋಡುವವರನ್ನು ತಾಗದಿರಲಿ ಎಂಬುದೇ ಅದರ ಉದ್ದೇಶ. ಇಪ್ಪತ್ತು ವರ್ಷ ನಮ್ಮ ಮಕ್ಕಳನ್ನು ಕಾಯ್ದ ಸೀಸವೇ ಒಡೆದು ಪುಡಿಯಾದಾಗ ಮತ್ತೊಬ್ಬರ ಮಗುವಿಗೆ ವಿಷವಾಗುತ್ತದೆ. ಎಳೆಯರ ಮಿದುಳಿನ ಬೆಳವಣಿಗೆಯನ್ನೇ ಅದು ಕುಂಠಿತಗೊಳಿಸಬಲ್ಲದು. ವೈರಿನ ಪ್ಲಾಸ್ಟಿಕ್ ಹೊದಿಕೆ ಸುಟ್ಟರೆ ಡಯಾಕ್ಸಿನ್ ಎಂಬ ಘೋರ ವಿಷ ಏಳುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸ, ಕೆಲವು ಹಳೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇರುತ್ತವೆ. ಸರ್ಕ್ಯೂಟ್ ಹಲಗೆಗಳಲ್ಲಿರುವ ಚೂರು ಚಿನ್ನಕ್ಕಾಗಿ ಅವನ್ನು ಆಮ್ಲದಲ್ಲಿ ಅದ್ದಿ, ಉಳಿದ ನೀರನ್ನು ಚರಂಡಿಗೆ ಚೆಲ್ಲುವವರಿದ್ದಾರೆ.

2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಇಂತಹ ತ್ಯಾಜ್ಯ ಸುಮಾರು 6.2 ಕೋಟಿ ಟನ್ ಉಂಟಾಯಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸೇರಿದ್ದು ಶೇಕಡಾ 22ರಷ್ಟು ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಈಗಿರುವ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಸರಕನ್ನು ತಯಾರಿಸಿ ಮಾರಿದವರೇ ಅದರ ಅಂತ್ಯಕ್ಕೂ ಹೊಣೆಗಾರರು ಎಂಬುದು ಇವುಗಳ ತಿರುಳು. ಆದರೆ ಸರಕು ನೋಂದಾಯಿತ ಮರುಬಳಕೆ ಘಟಕವನ್ನು ತಲುಪಬೇಕಾದರೆ ಮೊದಲ ಹೆಜ್ಜೆಯನ್ನು ಇಡಬೇಕಾದವರು ಮನೆಯವರು.

2023ರಲ್ಲಿ ನಮ್ಮ ಮನೆಯಲ್ಲಿ ಮತ್ತೆ ಒಂದು ಕಂಪ್ಯೂಟರು, ಮೂರು ಮೊಬೈಲು, ಒಂದು ಯು.ಪಿ.ಎಸ್. ಮೂಲೆಗೆ ಬಿದ್ದವು. ಈ ಬಾರಿ ಅವಸರಪಡಲಿಲ್ಲ. ರಿಪೇರಿಯಾಗಬಹುದಾಗಿದ್ದ ಒಂದು ಮೊಬೈಲನ್ನು ಸರಿಮಾಡಿಸಿ ಬಂಧುಗಳ ಮಗಳಿಗೆ ಕೊಟ್ಟೆವು. ಅದಕ್ಕೂ ಮುನ್ನ ಸೊಸೆ ಎಲ್ಲವುಗಳಿಂದ ಸಿಮ್ಮು, ಮೆಮೊರಿ ಕಾರ್ಡು ತೆಗೆದು, ಬ್ಯಾಂಕಿನ ಮತ್ತು ಮನೆಯ ವಿವರಗಳನ್ನು ಪೂರ್ತಿಯಾಗಿ ಅಳಿಸಿದಳು. ಅಗಲಿದ ಅವ್ವನ ಹಲವು ಚಿತ್ರಗಳು ಅವುಗಳಲ್ಲಿದ್ದವು. ಅವನ್ನು ಮೊದಲೇ ನಕಲು ಮಾಡಿಟ್ಟದ್ದು ಪುಣ್ಯ. ಯು.ಪಿ.ಎಸ್. ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಹಿಂದಿರುಗಿಸಿದೆವು. ಅವರು ಬೆಲೆಯಲ್ಲಿ ಕಡಿತ ಮಾಡಿಕೊಟ್ಟರು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಲಿಲ್ಲ, ಕಸದ ಬುಟ್ಟಿಗೂ ಹಾಕಲಿಲ್ಲ. ಅದು ಬೆಂಕಿ ಹತ್ತುವ ವಸ್ತು. ಉಳಿದುದನ್ನೆಲ್ಲ ಬಿಚ್ಚದೆ, ಒಡೆಯದೆ, ಬೆಂಗಳೂರಿನಲ್ಲಿರುವ ಮಗನ ಮೂಲಕ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಿ ರಸೀದಿ ಪಡೆದೆವು. ಬಂದ ಹಣ ಗುಜರಿಯ ಬೆಲೆಗಿಂತ ಕಡಿಮೆ. ಅದು ನಷ್ಟವೆಂದು ನಮಗೆ ಅನಿಸಲಿಲ್ಲ.

ಗುಜರಿಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಕಾಗದ, ಕಬ್ಬಿಣ, ಸೀಸೆಗಳನ್ನು ಮನೆಮನೆಯಿಂದ ಒಯ್ದು ಊರನ್ನು ಚೊಕ್ಕಟವಾಗಿಡುವ ಶ್ರಮಜೀವಿಗಳು ಅವರು. ಆ ಸಾಮಾನುಗಳನ್ನು ಈಗಲೂ ಅವರಿಗೇ ಕೊಡುತ್ತೇವೆ. ಅಪಾಯದ ಸರಕನ್ನು ಅಪಾಯವೆಂದು ಹೇಳದೆ ಅವರ ಗಾಡಿಗೆ ಏರಿಸಿದ ತಪ್ಪು ನಮ್ಮದು.

ಓದುಗ ಬಂಧುಗಳು, ವಿಶೇಷವಾಗಿ ಮನೆಯ ತಾಯಂದಿರು, ಮುಂದಿನ ಹಬ್ಬಕ್ಕೆ ಅಟ್ಟವನ್ನು ಬರಿದು ಮಾಡುವಾಗ ಕ್ಷಣಕಾಲ ನಿಲ್ಲಬೇಕೆಂದು ನಮ್ಮ ಬಿನ್ನಹ. ಆ ನೂರೈವತ್ತು ರೂಪಾಯಿ ಯಾವುದಕ್ಕೆ ಖರ್ಚಾಯಿತೋ ನಮಗೆ ನೆನಪಿಲ್ಲ. ಹೊಗೆಯ ನಡುವೆ ಕಣ್ಣುಜ್ಜಿಕೊಳ್ಳುತ್ತಿದ್ದ ಆ ಹುಡುಗನ ಮುಖ ಮಾತ್ರ ಮರೆಯಲಾಗುತ್ತಿಲ್ಲ.